ಅಚ್ಚಾಗದ ಸಾಲು

ಮಧುಗಿರಿಯಲ್ಲಿ ನಾವಿದ್ದ ಮನೆಗೆ ಶಾಲೆಯ ಗಂಟೆ ಕೇಳುತ್ತಿತ್ತು. ಬಾಡಿಗೆಗೆ ಹಿಡಿಯುವಾಗ ಅದನ್ನೊಂದು ಅನುಕೂಲವೆಂದೇ ಎಣಿಸಿದ್ದೆವು. ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿಕೊಂಡ ಮೇಲೆ ಅದೇ ಗಂಟೆ ಕಷ್ಟವಾಯಿತು. ಬೆಳಗಿನ ಗಂಟೆ ಹೊಡೆದಾಗ ಅವಳು ಸ್ಲೇಟು ತಂದು ನನ್ನ ಮುಂದೆ ಕೂರುತ್ತಿದ್ದಳು. ಆಟದ ಗಂಟೆ ಹೊಡೆದು ಮಕ್ಕಳ ಗದ್ದಲ ಬೀದಿ ದಾಟಿ ಬಂದಾಗ ಅವಳ ಬಳಪ ನಿಂತುಹೋಗುತ್ತಿತ್ತು. ಗದ್ದಲ ಅಡಗುವವರೆಗೆ ನಾನೂ ಸುಮ್ಮನಿರುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ತುಮಕೂರಿನಿಂದ ಹೊರಡುತ್ತಿದ್ದ ಒಂದು ದಿನಪತ್ರಿಕೆಗೆ ನಾನು ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯ ಸುದ್ದಿ ಕಳಿಸುತ್ತಿದ್ದೆ. ಹೆಂಡತಿ ಐ.ಡಿ.ಹಳ್ಳಿಯಲ್ಲಿ ನರ್ಸ್ ಆಗಿದ್ದಳು. ಹೆರಿಗೆ ಹೊತ್ತುಗೊತ್ತು ನೋಡಿ ಬರುವುದಿಲ್ಲ, ಹಾಗಾಗಿ ಅವಳು ಅಲ್ಲೇ ಕ್ವಾರ್ಟರ್ಸಿನಲ್ಲಿ ಇರಬೇಕಾಗಿತ್ತು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದಳು, ಭಾನುವಾರ ಸಂಜೆ ಹೋಗುತ್ತಿದ್ದಳು. ನಮಗಿದ್ದದ್ದು ಒಬ್ಬಳೇ ಮಗಳು. ಪಟ್ಟಣದ ಶಾಲೆ ಸಿಗಲಿ ಎಂದು ಅವಳನ್ನು ನನ್ನ ಜೊತೆ ಬಿಟ್ಟಿದ್ದೆವು.

ಅವಳಿಗೆ ಆಗ ಎಂಟು ತುಂಬಿ ಒಂಬತ್ತು. ಮಾತಿಗೆ ಕೊರತೆಯಿರಲಿಲ್ಲ. ಬಸ್‌ ಸ್ಟ್ಯಾಂಡಿನ ತಿರುವಿನಲ್ಲಿ ಬಸ್ಸು ಕಾಣುವ ಮೊದಲೇ ಸದ್ದು ಕೇಳಿ ‘ಇದು ಪಾವಗಡದ್ದು, ಇದು ಶಿರಾದ್ದು’ ಎನ್ನುತ್ತಿದ್ದಳು. ಬಸ್ಸು ಎದುರಿಗೆ ನಿಂತ ಮೇಲೆ ಬೋರ್ಡು ತೋರಿಸಿ ಓದು ಎಂದರೆ ಮುಖ ತಿರುಗಿಸುತ್ತಿದ್ದಳು. ಒಂದೊಂದೇ ಅಕ್ಷರ ಕೇಳಿದರೆ ನಿಧಾನವಾಗಿ ಹೇಳುತ್ತಿದ್ದಳು. ಎರಡು ಕೂಡಿಸಿದರೆ ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಹೋಗಿರುತ್ತಿತ್ತು. ಪ, ವ, ಷ ಅವಳಿಗೆ ಒಂದೇ ತಾಯಿಯ ಮಕ್ಕಳು. ಒತ್ತಕ್ಷರ ಬಂದರೆ ಅಲ್ಲಿಗೆ ಮುಗಿಯಿತು. ಸಾಲಿನ ಕೆಳಗೆ ಜೋತುಬಿದ್ದ ಆ ಅಕ್ಷರ ಮೇಲಿನ ಸಾಲಿನದೋ ಕೆಳಗಿನ ಸಾಲಿನದೋ ಎಂದು ಕೇಳುತ್ತಿದ್ದಳು. ತಮಾಷೆಗೆ ಕೇಳುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ದಸರಾ ರಜೆ ಕಳೆದ ಮೇಲೆ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು.

“ಬೇಜಾರು ಮಾಡ್ಕೋಬೇಡಿ ಸ್ವಾಮಿ. ಇಷ್ಟೊಂದು ಮಕ್ಕಳ ಮಧ್ಯೆ ಕೂತು ಮಗು ಅಳೋದನ್ನ ಕಲೀತಾ ಇದೆ, ಓದೋದನ್ನ ಕಲೀತಿಲ್ಲ. ನೀವು ಅಕ್ಷರದಿಂದ ಬದುಕೋರು. ಮನೇಲಿ ಕೂರಿಸ್ಕೊಂಡು ಒಂದಷ್ಟು ತಿಂಗಳು ಹೇಳ್ಕೊಡಿ. ಹೆಸರು ಇಲ್ಲೇ ಇರಲಿ.”

“ಆಮೇಲೆ?”

“ಬೇಸಿಗೆ ರಜೆ ಮುಗಿಯೋದ್ರೊಳಗೆ ಒಂದು ಪ್ಯಾರಾ ಓದಿ ತೋರಿಸ್ಲಿ. ಅವಳ ವಾರಗೆಯೋರ ಜೊತೆ ನಾಲ್ಕನೇ ಕ್ಲಾಸಲ್ಲಿ ಕೂರಿಸ್ತೀನಿ. ಆಗ್ಲಿಲ್ಲ ಅಂದ್ರೆ ಒಂದನೇ ಕ್ಲಾಸಿಂದ ಶುರು ಮಾಡ್ಬೇಕಾಗ್ತದೆ. ನನಗೂ ಬೇರೆ ದಾರಿ ಇಲ್ಲ.”

ಮಗಳು ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮನೆಯ ದಾರಿಯಲ್ಲಿ ನನ್ನ ಮುಂದೆ ಮುಂದೆ ನಡೆದಳು. ಆಮೇಲೆ ಕೇಳಿದಳು:

“ಅಪ್ಪ, ಒಂದನೇ ಕ್ಲಾಸೋರ್ನ ನೆಲದ ಮೇಲೆ ಒತ್ತೊತ್ತಾಗಿ ಕೂರಿಸ್ತಾರೆ. ನನ್ನ ಕಾಲು ಎಲ್ಲಿ ಹಿಡಿಸ್ತದೆ?”

ಪಾಠ ಶುರುವಾಯಿತು. ಮೊರದಲ್ಲಿ ರಾಗಿ ಹರವಿ ಬೆರಳಿನಿಂದ ತಿದ್ದಿಸಿದೆ. ಹುಣಸೆಬೀಜ ಜೋಡಿಸಿ ಅಕ್ಷರ ಮಾಡಿಸಿದೆ. ಕಾಗುಣಿತ ರಾಗವಾಗಿ ಹೇಳಿಸಿದೆ. ರಾಗ ಬಂತು, ಕಾಗುಣಿತ ಬರಲಿಲ್ಲ. ಹುಣಸೆಬೀಜದಲ್ಲಿ ಅವಳು ಮಾಡಿದ ‘ಮ’ ನೋಡುವುದಕ್ಕೆ ಚೆನ್ನಾಗಿರುತ್ತಿತ್ತು. ಅದನ್ನೇ ಮಾರನೆಯ ದಿನ ಸ್ಲೇಟಿನ ಮೇಲೆ ಬರೆದು ತೋರಿಸಿದರೆ ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದಳು.

ಮೊದಮೊದಲು ಪಕ್ಕದ ಬೀದಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟ ಮೇಲೆ ಆಟಕ್ಕೆ ಬರುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಅವಳಿಗೆ ಬೇರೆ ಗೆಳತಿಯರಾದರು. ಆಮೇಲೆ ಮಗಳು ಮನೆಯ ಮುಂದೆ ಗೆರೆ ಹಾಕಿಕೊಂಡು ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದಳು. ತನ್ನ ಪರವಾಗಿ ಒಂದು ಬಿಲ್ಲೆ, ಬಾರದವಳ ಪರವಾಗಿ ಇನ್ನೊಂದು. ಬಾರದವಳ ಸರದಿಯಲ್ಲಿ ಗೆರೆ ತುಳಿದರೆ ‘ಔಟ್ ಕಣೇ’ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ತನ್ನ ಸರದಿಯಲ್ಲಿ ತುಳಿದರೆ ಸುತ್ತ ನೋಡಿ ಮುಂದುವರಿಸುತ್ತಿದ್ದಳು. ಮಧ್ಯಾಹ್ನ ಇಳಿಯುತ್ತಿದ್ದಂತೆ ಬೆಟ್ಟದ ನೆರಳು ನಮ್ಮ ಬೀದಿಗೆ ಬರುತ್ತಿತ್ತು. ನೆರಳು ಗೆರೆಗಳನ್ನು ಮುಟ್ಟಿದ ಮೇಲೆ ಎದ್ದು ಒಳಗೆ ಬರುತ್ತಿದ್ದಳು.

ಎದುರು ಮನೆಯ ಅಜ್ಜಿ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ನನಗೆ ಕೇಳುವ ಹಾಗೆಯೇ ಸೊಸೆಗೆ ಹೇಳುತ್ತಿದ್ದರು.

“ಪೇಪರ್ ಬರಿಯೋರ ಮನ್ಯಾಗೇ ಓದಕ್ ಬರಾಕಿಲ್ವಂತೆ ಕಣಮ್ಮ. ದೀಪದ ಬುಡ್ದಾಗೆ ಕತ್ಲೆ ಅನ್ನೋದು ಇದುಕ್ಕೇಯ.”

ಅದೇ ಅಜ್ಜಿ ಒಂದು ಬೆಳಿಗ್ಗೆ ಬಜೆ ಬೇರನ್ನು ಜೇನಿನಲ್ಲಿ ತೇದು ಒಳಲೆಯಲ್ಲಿ ತಂದರು. “ನೆಕ್ಕು ತಾಯಿ, ನಾಲ್ಗೆ ತಿರುಗ್ತದೆ.” ಮಗಳು ನೆಕ್ಕಿ, ಮುಖ ಕಿವುಚಿ, “ನಾಲ್ಗೆ ತಿರುಗ್ತದೆ ಅಜ್ಜಿ, ಕಣ್ಣೇ ತಿರುಗಲ್ಲ” ಎಂದಳು. ಅಜ್ಜಿ ನಗುತ್ತ ಹೋದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಕಣ್ಣಿನದೇ ದೋಷವಿದ್ದರೆ?

ಮುಂದಿನ ವಾರ ಅವಳನ್ನು ಶಿರಾಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕನ್ನಡಕದ ಅಂಗಡಿಯ ಒಬ್ಬ ಸಾಬರು ಕಣ್ಣು ನೋಡುತ್ತಿದ್ದರು. ಗೋಡೆಯ ಮೇಲಿನ ಅಕ್ಷರದ ಹಲಗೆ ಅವಳಿಗೆ ಆಗುವುದಿಲ್ಲ ಎಂದು ತಿಳಿದು, ಬಾಗಿಲಲ್ಲಿ ನಿಲ್ಲಿಸಿ ಬೀದಿಯಲ್ಲಿ ಕಂಡದ್ದನ್ನು ಹೇಳು ಎಂದರು. ಅವಳು ದೂರದ ಮಸೀದಿಯ ಮೇಲಿನ ಪಾರಿವಾಳಗಳಿಂದ ಹಿಡಿದು ಎದುರಂಗಡಿಯವನ ಜೇಬಿನ ಪೆನ್ನಿನವರೆಗೆ ಹೇಳಿದಳು.

“ಆಂಖ್ ಬರಾಬರ್ ಐತೆ ಸಾಬ್” ಎಂದರು ಅವರು. “ಕನ್ನಡಕ ಕೊಟ್ರೆ ನಮ್ದು ಯಾಪಾರ ಆಯ್ತದೆ. ಬೇಟಿದು ಏನೂ ಆಗಾಕಿಲ್ಲ.”

ಇದು ಅವಳಿಗೆ ಸಂತೋಷದ ಸುದ್ದಿ ಎಂದು ನಾನು ತಿಳಿದೆ. ಅವಳು ಕನ್ನಡಕ ಬರುತ್ತದೆ ಎಂದೇ ನಂಬಿ ಬಂದಿದ್ದಳು. ಕನ್ನಡಕ ಬಂದರೆ ಅಕ್ಷರ ಬರುತ್ತದೆ ಎಂದೂ ನಂಬಿದ್ದಳು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೇಳಿದಳು:

“ಹಂಗಾದ್ರೆ ಏನು ಕೆಟ್ಟೋಗಿದೆ ಅಪ್ಪ?”

ಏನೂ ಕೆಟ್ಟಿಲ್ಲ ಎಂದೆ. ಅವಳಂಥ ಮಕ್ಕಳಿಗೆ ಒಂದು ಹೆಸರಿದೆ, ಕಲಿಸುವ ಬೇರೆ ಕ್ರಮಗಳಿವೆ ಎಂದು ನಾನು ಓದಿದ್ದು ಬಹಳ ವರ್ಷಗಳ ನಂತರ. ಆಗ ನಮ್ಮ ಸೀಮೆಯಲ್ಲಿ ಅದನ್ನು ಹೇಳುವವರು ನನಗೆ ಸಿಗಲಿಲ್ಲ. ಕೇಳುವುದಕ್ಕೆ ಯಾರನ್ನು ಹುಡುಕಬೇಕೆಂಬುದೂ ನನಗೆ ತಿಳಿದಿರಲಿಲ್ಲ. ಸುದ್ದಿಗಾರನಿಗೆ ಊರೆಲ್ಲ ಪರಿಚಯ. ನಾನು ಹೋಟೆಲಿಗೆ ಹೋದರೆ ನಾಲ್ಕು ಜನ ಮಾತಾಡಿಸುತ್ತಿದ್ದರು, ತಮ್ಮ ಬೀದಿಯ ನಲ್ಲಿಯ ಬಗ್ಗೆ, ಸೇತುವೆಯ ಬಗ್ಗೆ. ನನ್ನ ಮನೆಯ ಮಾತನ್ನು ಎತ್ತಿದರೆ ಅದು ಸಂಜೆಯ ಹೊತ್ತಿಗೆ ಊರಿನ ಸುದ್ದಿಯಾಗುತ್ತಿತ್ತು. ಎತ್ತಲಿಲ್ಲ.

ಇಲ್ಲಿ ನನ್ನ ಕೆಲಸದ ರೀತಿಯ ಬಗ್ಗೆ ಹೇಳಬೇಕು. ಮುಂದೆ ಆದದ್ದಕ್ಕೆ ಅದೇ ಕಾರಣ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಪತ್ರಿಕೆಯ ಹಿರಿಯರೊಬ್ಬರು ನನಗೆ ಒಂದು ಅಭ್ಯಾಸ ಹಚ್ಚಿದ್ದರು. ವರದಿ ಬರೆದ ಮೇಲೆ ಗಟ್ಟಿಯಾಗಿ ಓದಬೇಕು. ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಉದ್ದವಾಗಿದೆ, ನಾಲಿಗೆ ತೊಡರಿದ ಕಡೆ ವಿಷಯ ನಿನಗೇ ಸರಿಯಾಗಿ ಗೊತ್ತಿಲ್ಲ. ತಿದ್ದಿ ಮತ್ತೆ ಓದಬೇಕು. ನಾನು ಅದನ್ನು ತಪ್ಪದೆ ಪಾಲಿಸುತ್ತಿದ್ದೆ. ಮಧ್ಯಾಹ್ನ ಕಳೆದ ಮೇಲೆ ಮೇಜಿನ ಮುಂದೆ ಕೂತು ಒಂದೊಂದು ವರದಿಯನ್ನು ಸಮಾಧಾನವಾಗುವವರೆಗೆ ಓದುತ್ತಿದ್ದೆ. ಮಗಳು ಮೇಜಿನ ಕಾಲಿಗೆ ಒರಗಿ ಕೂತಿರುತ್ತಿದ್ದಳು. ಆಮೇಲೆ ಕಾಗದಗಳನ್ನು ಕವರಿಗೆ ಹಾಕಿ ಇಬ್ಬರೂ ಬಸ್‌ ಸ್ಟ್ಯಾಂಡಿಗೆ ಹೋಗುತ್ತಿದ್ದೆವು. ಪಾವಗಡದಿಂದ ಬಂದು ಕೊರಟಗೆರೆಯ ಮೇಲೆ ತುಮಕೂರಿಗೆ ಹೋಗುವ ಬಸ್ಸಿನ ಕಂಡಕ್ಟರ ಕೈಗೆ ಕವರು ಕೊಡುವುದು ಅವಳ ಕೆಲಸ.

ಕಂಡಕ್ಟರು ಪಾವಗಡದ ಕಡೆಯವರು. “ಏಮ್ಮಾ ಪಾಪ, ಬಾಗುಂಡಾವಾ?” ಎಂದು ತೆಲುಗಿನಲ್ಲಿ ಕ್ಷೇಮ ಕೇಳಿ ಕವರನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದರು. “ಇವತ್ತು ಅಗುರಾಗೈತಲ್ಲ. ತಾಲ್ಲೂಕ್ನಾಗೆ ಏನೂ ಜರಗಲಿಲ್ವಾ ಸಾರ್? ನಾಳೆ ಪೇಪರು ಬಿಳೀದೇ ಬರ್ತದೇನೋ.”

“ಒಂದು ಎತ್ತು, ಒಂದು ರಸ್ತೆ, ಒಂದು ಮೀಟಿಂಗು ಇದೆ” ಎಂದು ಇವಳು ಲೆಕ್ಕ ಒಪ್ಪಿಸುತ್ತಿದ್ದಳು.

“ಎತ್ತಿದ್ರೆ ಸಾಕು ಬುಡು. ಓದ್ತಾರೆ.”

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಪತ್ರಿಕೆ ಬರುತ್ತಿತ್ತು. ಫೆಬ್ರುವರಿಯ ಒಂದು ಬೆಳಿಗ್ಗೆ ನಾನು ಅದನ್ನು ನೆಲದ ಮೇಲೆ ಹರವಿಕೊಂಡು ನೋಡುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕೂತಳು. ಬಸ್‌ ನಿಲ್ದಾಣದ ಚಿತ್ರವಿದ್ದ ನನ್ನ ವರದಿಯೊಂದರ ಮೇಲೆ ಬೆರಳಿಟ್ಟು, “ಇದು ನಿಂದಲ್ವಾ?” ಎಂದಳು. ಹೌದು, ಓದು ಎಂದೆ. ಆಸೆಯಿಂದ ಹೇಳಿದ್ದಲ್ಲ, ಅಭ್ಯಾಸಕ್ಕೆ ಹೇಳಿದ್ದು. ಅವಳು ಓದಿದಳು. ಹೊಳವನಹಳ್ಳಿಯ ಬಸ್‌ ನಿಲ್ದಾಣಕ್ಕೆ ನೆರಳಿಲ್ಲವೆಂಬ ಚಿಕ್ಕ ಸುದ್ದಿ. ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು, ಪೂರ್ಣವಿರಾಮದಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಒತ್ತಕ್ಷರಗಳನ್ನೂ ಬಿಡಲಿಲ್ಲ.

ನಾನು ಪತ್ರಿಕೆಯನ್ನು ಕೈಗೆತ್ತಿಕೊಂಡು, ಸುಮ್ಮನೆ ಮಡಿಸಿ, ಮತ್ತೆ ಬಿಡಿಸಿದೆ. ಮೀಟಿಂಗಿನದು ಓದು ಎಂದು ಇನ್ನೊಂದು ಓದಿಸಿದೆ. ಅದೂ ನನ್ನದೇ. ಅದನ್ನೂ ಓದಿದಳು.

ದೆಹಲಿಯ ಸುದ್ದಿ ಕೊಟ್ಟಾಗ ಅಕ್ಷರ ಸಣ್ಣದು, ತಲೆನೋಯುತ್ತದೆ ಎಂದಳು. ನನಗೆ ಅದು ನ್ಯಾಯವೆನಿಸಿತು. ಆ ಸುದ್ದಿಗಳಲ್ಲಿ ನಾಲಿಗೆಗೇ ಸಿಗದ ಪದಗಳಿರುತ್ತವೆ. ತನಗೆ ಗೊತ್ತಿರುವ ಊರು, ಕೆರೆ, ರಸ್ತೆಯ ಸುದ್ದಿಯಿಂದ ಶುರುವಾಗಲಿ ಎಂದುಕೊಂಡೆ. ಪಠ್ಯಪುಸ್ತಕದಲ್ಲಿ ಆಗದ್ದು ಪತ್ರಿಕೆಯಲ್ಲಿ ಆಯಿತೆಂದು ನಂಬಿದೆ. ನನ್ನ ವರದಿಗಳನ್ನು ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಹೆಚ್ಚು ಮುಟ್ಟುತ್ತಿರಲಿಲ್ಲ, ಬರೆದದ್ದು ಬರೆದ ಹಾಗೆಯೇ ಬರುತ್ತಿತ್ತು. ಆ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ. ಎಲ್ಲೋ ಒಂದು ಪದ ಬದಲಾಗಿದ್ದು ಅವಳು ಹಳೆಯದನ್ನೇ ಹೇಳಿದರೆ, ಅರ್ಥ ಹಿಡಿದು ಓದುತ್ತಿದ್ದಾಳೆ ಎಂದು ಸಂತೋಷಪಟ್ಟೆ.

ಶನಿವಾರ ಹೆಂಡತಿ ಬಂದಾಗ ಮಗಳು ಓದಿ ತೋರಿಸಿದಳು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, “ಧೂಳು, ಬಸ್ಸಲ್ಲಿ ಬರೀ ಧೂಳು” ಎಂದಳು. ಆ ಭಾನುವಾರ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಬಚ್ಚಲಿನಿಂದ ಇಬ್ಬರ ನಗು ಕೇಳುತ್ತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಅಂಥ ನಗು ಹೆಚ್ಚಿರಲಿಲ್ಲ.

ಮೇ ತಿಂಗಳಲ್ಲಿ ಹೆಡ್‌ಮಾಸ್ಟರನ್ನು ಕಂಡು, ಬಂದು ಕೇಳಿ ಎಂದೆ. ಶಾಲೆಗೆ ರಜೆ. ತಾವೇ ಒಂದು ಸಂಜೆ ಮನೆಗೆ ಬರುವುದಾಗಿ ಹೇಳಿದರು.

ಅವರು ಬರುವುದಕ್ಕೆ ಎರಡು ದಿನ ಮೊದಲು ನಾನು ತೋವಿನಕೆರೆಗೆ ಹೋಗಿದ್ದೆ. ಅಲ್ಲೊಂದು ಹೊಲದಲ್ಲಿ ಹಾಳುಬಾವಿಗೆ ಎತ್ತು ಬಿದ್ದಿತ್ತು. ಊರಿನವರು ಹಗ್ಗ ಹಾಕಿ ಎಳೆದರು. ನಾನು ನೋಡಿದ್ದನ್ನು ಬರೆದೆ. ಎತ್ತನ್ನು ಮೇಲೆತ್ತಿದರು, ಅದಕ್ಕೆ ಪೆಟ್ಟಾಗಿಲ್ಲ ಎಂದು ಬರೆದ ಮೇಲೆ ಕೊನೆಗೆ ಒಂದು ಸಾಲು ಸೇರಿಸಿದೆ. ‘ಮೇಲೆ ಬಂದ ಎತ್ತು ಬಹಳ ಹೊತ್ತು ಏಳಲಿಲ್ಲ; ಅದರ ಜೋಡಿಯನ್ನು ತಂದು ಪಕ್ಕದಲ್ಲಿ ನಿಲ್ಲಿಸಿದ ಮೇಲೆ ಎದ್ದಿತು.’ ಮಾರನೆಯ ಮಧ್ಯಾಹ್ನ ಗಟ್ಟಿಯಾಗಿ ಓದಿದೆ. ಮಗಳು ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡಳು.

“ಎದ್ದ ಮೇಲೆ ಏನ್ ಮಾಡ್ತು?”

“ನೀರು ಕುಡೀತು.”

“ಅದನ್ನ ಯಾಕೆ ಬರೀಲಿಲ್ಲ?”

“ಎತ್ತು ನೀರು ಕುಡಿದ್ರೆ ಸುದ್ದಿ ಅಲ್ಲ.”

ಹೆಡ್‌ಮಾಸ್ಟರು ಬಂದ ದಿನ ನಾನು ಬೆಳಗಾಗುವ ಮೊದಲೇ ಪಾವಗಡದ ಬಸ್ಸು ಹತ್ತಿದ್ದೆ. ಮಗಳನ್ನು ಎದುರು ಮನೆಯ ಅಜ್ಜಿ ನೋಡಿಕೊಂಡರು. ಆ ದಿನದ ಪತ್ರಿಕೆಯನ್ನು ನಾನು ನೋಡಿರಲಿಲ್ಲ. ನಾನು ತಿರುಗಿ ಬಂದು ಮುಖ ತೊಳೆಯುವಷ್ಟರಲ್ಲಿ ಹೆಡ್‌ಮಾಸ್ಟರು ಬಂದರು. ಮಗಳು ತಲೆ ಬಾಚಿಕೊಂಡು, ಹಬ್ಬದ ಲಂಗ ಉಟ್ಟು ಕಾದಿದ್ದಳು.

ಪಠ್ಯಪುಸ್ತಕ ತರಲು ಎದ್ದವನನ್ನು ಹೆಡ್‌ಮಾಸ್ಟರೇ ತಡೆದರು. “ಪುಸ್ತಕ ಕಂಡ್ರೆ ಮಕ್ಕಳು ಹೆದರ್ತವೆ. ಪೇಪರ್ರೇ ಓದಲಿ ಬಿಡಿ. ನಿಮ್ಮ ಮನೆ ಪಾಠ ಅದೇ ಅಂತಲ್ಲ.”

ಪತ್ರಿಕೆ ಬಿಡಿಸಿ ಅವಳ ಮುಂದೆ ಇಟ್ಟೆ. ಎತ್ತಿನ ಸುದ್ದಿ ಒಳಪುಟದಲ್ಲಿ, ಒಂದು ಜಾಹೀರಾತಿನ ಮೇಲೆ ಬಂದಿತ್ತು. ಬಾವಿಯ ಪಕ್ಕದಲ್ಲಿ ನಿಂತ ಎತ್ತಿನ ಚಿಕ್ಕ ಚಿತ್ರ ಹಾಕಿದ್ದರು. ಅವಳು ಚಿತ್ರ ನೋಡಿದಳು, ಬೆರಳಿಟ್ಟಳು, ಶುರು ಮಾಡಿದಳು. ಹೆಡ್‌ಮಾಸ್ಟರು ಎದುರಿಗೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಅವಳ ಹಿಂದೆ ನಿಂತು ಭುಜದ ಮೇಲಿನಿಂದ ಸಾಲುಗಳನ್ನು ನೋಡುತ್ತಿದ್ದೆ.

ಎತ್ತಿಗೆ ಪೆಟ್ಟಾಗಿಲ್ಲ ಎಂಬಲ್ಲಿಗೆ ಸುದ್ದಿ ಮುಗಿದಿತ್ತು. ಕೊನೆಯ ಸಾಲನ್ನು ಡೆಸ್ಕಿನವರು ಕಿತ್ತುಹಾಕಿದ್ದರು. ಜಾಗವಿರಲಿಲ್ಲವೆಂದೂ ಅಲ್ಲ, ಜಾಹೀರಾತಿಗೆ ಮೊದಲು ಎರಡು ಬೆರಳಿನಷ್ಟು ಬಿಳಿ ಹಾಗೆಯೇ ಉಳಿದಿತ್ತು.

ಅವಳು ನಿಲ್ಲಲಿಲ್ಲ. “ಮೇಲೆ ಬಂದ ಎತ್ತು ಬಹಳ ಹೊತ್ತು ಏಳಲಿಲ್ಲ” ಎಂದು ಅದೇ ದನಿಯಲ್ಲಿ ಓದಿದಳು. “ಅದರ ಜೋಡಿಯನ್ನು ತಂದು ಪಕ್ಕದಲ್ಲಿ ನಿಲ್ಲಿಸಿದ ಮೇಲೆ ಎದ್ದಿತು.”

ಹೆಡ್‌ಮಾಸ್ಟರು ಕಣ್ಣು ತೆರೆದರು. “ಭೇಷ್” ಎಂದರು. “ಬಹಳ ಚೆನ್ನಾಗಿ ಓದ್ತೀಯಲ್ಲ ಪುಟ್ಟಿ. ಜೂನ್‌ನಲ್ಲಿ ಬಾ, ನಾಲ್ಕನೇ ಕ್ಲಾಸು.”

ಮಗಳು ತಿರುಗಿ ನನ್ನ ಮುಖ ನೋಡಿದಳು. ನನ್ನ ಬಾಯಿಂದ ಮಾತು ಬಂದುಬಿಟ್ಟಿತ್ತು.

“ಆ ಸಾಲು ಎಲ್ಲಿದೆ, ತೋರ್ಸು.”

ದಿನವೂ ಜನರನ್ನು ಕೇಳುವ ಪ್ರಶ್ನೆ ಅದು. ಯಾರು ಹೇಳಿದರು, ಎಲ್ಲಿ ಬರೆದಿದೆ, ತೋರಿಸಿ. ಕೇಳಬೇಕೆಂದು ಯೋಚಿಸಿ ಕೇಳಿದ್ದಲ್ಲ.

ಅವಳು ಪತ್ರಿಕೆಯ ಕಡೆ ತಿರುಗಿ, ಸುದ್ದಿಯ ಕೆಳಗಿನ ಆ ಬಿಳಿ ಜಾಗದ ಮೇಲೆ ಬೆರಳಿಟ್ಟಳು. ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದಳು. ಮುಖದಲ್ಲಿ ಅನುಮಾನವಿರಲಿಲ್ಲ. ಅಕ್ಷರವಿರುವ ಜಾಗಕ್ಕೂ ಇಲ್ಲದ ಜಾಗಕ್ಕೂ ಅವಳಿಗೆ ಅಷ್ಟು ವ್ಯತ್ಯಾಸವಿರಲಿಲ್ಲ ಎಂದು ನನಗೆ ತಿಳಿದದ್ದು ಆಗ.

ಹೆಡ್‌ಮಾಸ್ಟರು ಎದ್ದು ಬಂದು ಬಗ್ಗಿ ನೋಡಿದರು. ಆಮೇಲೆ ಪಕ್ಕದ ಅಂಕಣದ ಒಂದು ತಲೆಬರಹ ತೋರಿಸಿ, “ಇದೊಂದು ಓದವ್ವ” ಎಂದರು. ದೊಡ್ಡ ಅಕ್ಷರದ ಮೂರು ಪದಗಳು. ಅವಳ ತುಟಿ ಕದಲಿತು, ದನಿ ಬರಲಿಲ್ಲ. ಇನ್ನೊಮ್ಮೆ ನನ್ನ ಕಡೆ ನೋಡಿದಳು. ನಾನು ಆ ಮೂರು ಪದಗಳನ್ನು ಯಾವ ಮಧ್ಯಾಹ್ನವೂ ಓದಿರಲಿಲ್ಲ.

“ಜ್ಞಾಪಕಶಕ್ತಿ ಅಸಾಧ್ಯವಾಗಿದೆ ಸ್ವಾಮಿ” ಎಂದರು ಹೆಡ್‌ಮಾಸ್ಟರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ. “ಸುಳ್ಳು ಹೇಳ್ತಿಲ್ಲ ಮಗು. ಅದಕ್ಕೆ ಓದೋದು ಅಂದ್ರೆ ಇದೇ ಅಂದ್ಕೊಂಡಿದೆ.” ಕಾಫಿ ಮಾಡಿಟ್ಟಿದ್ದೆ, ಕುಡಿಯದೆ ಹೋದರು.

ಅವಳು ಒಳಗೆ ಹೋಗಿ ಹಬ್ಬದ ಲಂಗ ಬಿಚ್ಚಿ, ಮಡಿಸಿ, ಪೆಟ್ಟಿಗೆಯಲ್ಲಿಟ್ಟಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಲು ನನಗೊಂದು ಕೆಲಸವಾದರೂ ಇರುತ್ತಿತ್ತು.

ಶನಿವಾರ ಹೆಂಡತಿಗೆ ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿದಳು.

“ಅವರು ಭೇಷ್ ಅಂದ್ಮೇಲೆ ಸುಮ್ನಿರಕ್ಕಾಗ್ಲಿಲ್ವಾ ನಿಮ್ಗೆ?”

“ಅವಳು ಓದಿರ್ಲಿಲ್ಲ.”

“ಓದಿರ್ಲಿಲ್ಲ, ಸರಿ. ವಾರಗೆ ಮಕ್ಕಳ ಜೊತೆ ಕೂತ್ಕೊಂಡಾದ್ರೂ ಇರ್ತಿದ್ಲು.”

“ಎಷ್ಟು ದಿನ? ಮೊದಲನೇ ವಾರಕ್ಕೇ ಗೊತ್ತಾಗಿರೋದು.”

“ಒಂದು ವಾರ ಕೂತಿರ್ತಿದ್ಲಲ್ಲ ರೀ.”

ಇಬ್ಬರ ಮಾತೂ ಸರಿ. ಇಷ್ಟು ವರ್ಷಗಳ ಮೇಲೂ ಅವೆರಡರಲ್ಲಿ ಒಂದನ್ನು ಹೊಡೆದುಹಾಕಲು ನನಗೆ ಆಗಿಲ್ಲ. ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಹೆಂಡತಿ ಹೇಳಿದಳು: “ನಂಜೊತೆ ಬರ್ಲಿ. ಅಲ್ಲಿ ಶಾಲೇಲಿ ಎಲ್ಲಾ ಕ್ಲಾಸೂ ಒಂದೇ ರೂಮಲ್ಲಿ ಕೂರ್ತವೆ. ಯಾರು ಒಂದನೇದು, ಯಾರು ನಾಲ್ಕನೇದು ಅಂತ ಯಾರೂ ಕೇಳಲ್ಲ. ನೆಲದ ಮೇಲೆ ಎಲ್ರೂ ಒಂದೇ.”

ಮಗಳನ್ನು ಕೇಳಿದೆವು. ಅವಳು ನನ್ನನ್ನು ಕೇಳಿದಳು, “ಕವರ್ ಯಾರು ಕೊಡ್ತಾರೆ?”

“ನಾನೇ ಕೊಡ್ತೀನಿ.”

ಜೂನ್ ಮೊದಲ ಭಾನುವಾರ ತಾಯಿಯ ಜೊತೆ ಐ.ಡಿ.ಹಳ್ಳಿಗೆ ಹೋದಳು. ಸ್ಲೇಟು ತೆಗೆದುಕೊಂಡು ಹೋದಳು, ಹುಣಸೆಬೀಜದ ಡಬ್ಬಿ ಇಲ್ಲೇ ಬಿಟ್ಟಳು. ಮಾರನೆಯ ಬೆಳಿಗ್ಗೆ ಶಾಲೆಯ ಗಂಟೆ ಹೊಡೆದಾಗ ಎದುರು ಮನೆಯ ಅಜ್ಜಿ ಜಗಲಿಯಿಂದ ನನ್ನ ಬಾಗಿಲ ಕಡೆ ನೋಡಿದರು. ಕಂಡಕ್ಟರು ಕವರು ತೆಗೆದುಕೊಳ್ಳುತ್ತ, “ಪಾಪ ಏದಿ ಸಾರ್?” ಎಂದು ನನ್ನ ಹಿಂದೆ ಅವಳನ್ನು ಹುಡುಕಿದರು. ಹೇಳಿದೆ. “ಅಂಗಾ” ಎಂದು ಕವರನ್ನು ತೂಗಿ ನೋಡದೆ ಚೀಲಕ್ಕೆ ಹಾಕಿಕೊಂಡರು.

ಮುಂದಿನ ವರ್ಷಗಳ ಬಗ್ಗೆ ಬರೆಯುವಂಥದ್ದು ಕಡಿಮೆ. ನಾನು ಮಧುಗಿರಿಯಲ್ಲೇ ಇದ್ದೆ. ವರದಿಗಳನ್ನು ಗಟ್ಟಿಯಾಗಿ ಓದುವುದನ್ನು ಬಿಡಲಿಲ್ಲ, ಬಿಟ್ಟರೆ ತಪ್ಪು ಕಾಣುತ್ತಿರಲಿಲ್ಲ. ಕೇಳುವವರಿಲ್ಲದ ಕೋಣೆಯಲ್ಲಿ ನನ್ನ ದನಿ ನನಗೇ ಜೋರಾಗಿ ಕೇಳುತ್ತಿತ್ತು. ಶನಿವಾರ ಅವರಿಬ್ಬರೂ ಬರುತ್ತಿದ್ದರು. ಮಗಳು ನಾನು ಮೇಜಿನ ಮುಂದೆ ಕೂತ ಹೊತ್ತಿಗೆ ಸರಿಯಾಗಿ ಹೊರಗೆ ಹೋಗಿ ಜಗಲಿಯಲ್ಲಿ ಕೂರುತ್ತಿದ್ದಳು. ಕರೆದರೆ ಬರುತ್ತಿರಲಿಲ್ಲ. ನಾನು ಹೆಚ್ಚು ಕರೆಯಲೂ ಇಲ್ಲ. ಅವಳ ಮುಂದೆ ಪತ್ರಿಕೆ ಹರವುವುದನ್ನು ನಿಲ್ಲಿಸಿದೆ. ಐ.ಡಿ.ಹಳ್ಳಿಯ ಕತೆ ಹೇಳುತ್ತಿದ್ದಳು. ಕಡಲೆಕಾಯಿ ಬಿಡಿಸಲು ಗೆಳತಿಯರ ಮನೆಗೆ ಹೋಗಿದ್ದು, ಶಾಲೆಗೆ ಕುರಿ ನುಗ್ಗಿದ್ದು. ಓದಿನ ವಿಷಯ ಅವಳು ಹೇಳುತ್ತಿರಲಿಲ್ಲ. ಹೆಂಡತಿಯನ್ನು ಕೇಳಿದರೆ, “ಮಾಡ್ತಾಳೆ, ಅವಳ ಪಾಡಿಗೆ ಬಿಡಿ” ಎನ್ನುತ್ತಿದ್ದಳು.

ಎಂಬತ್ತರ ದಶಕ ಶುರುವಾಗಿತ್ತು. ಅವಳಿಗೆ ಹನ್ನೆರಡೋ ಹದಿಮೂರೋ. ಒಂದು ಶನಿವಾರ ಕೊರಟಗೆರೆಯ ರಸ್ತೆಯ ಬಗ್ಗೆ ಒಂದು ಸಾಧಾರಣ ವರದಿ ಬರೆದೆ. ಮಳೆಗೆ ಕೊಚ್ಚಿಹೋದ ಮೋರಿಯನ್ನು ಇನ್ನೂ ರಿಪೇರಿ ಮಾಡಿಲ್ಲ ಎಂಬುದು ವಿಷಯ. ಓದಿದೆ, ತಿದ್ದಿದೆ, ಮತ್ತೆ ಓದಿದೆ. ಅವಳು ಎಂದಿನಂತೆ ಹೊರಗೆ ಜಗಲಿಯಲ್ಲಿದ್ದಳು. ಕಿಟಕಿ ತೆರೆದಿತ್ತು.

ಭಾನುವಾರ ಬೆಳಿಗ್ಗೆ ಹೆಂಡತಿ ಸಂತೆಗೆಂದು ಹೋಗಿದ್ದಳು. ನಾನು ಒಳಗೆ ಗಡ್ಡ ಮಾಡಿಕೊಳ್ಳುತ್ತಿದ್ದೆ. ಜಗಲಿಯಿಂದ ದನಿ ಕೇಳಿತು. ಬಹಳ ಸಣ್ಣ ದನಿ, ಯಾರಿಗೂ ಕೇಳಬಾರದೆಂಬಂತೆ. ಕನ್ನಡಿಯನ್ನು ಸ್ವಲ್ಪ ತಿರುಗಿಸಿದರೆ ಕಿಟಕಿಯಾಚೆ ಅವಳ ಬೆನ್ನು ಕಾಣುತ್ತಿತ್ತು. ಪತ್ರಿಕೆಯನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು, ಬಗ್ಗಿ, ಬೆರಳಿಟ್ಟಿದ್ದಳು. ರಸ್ತೆಯ ಸುದ್ದಿ. ಹಳೆಯ ಆ ಸರಾಗ ಈಗ ಇರಲಿಲ್ಲ. ಒಂದು ಅಕ್ಷರ, ಇನ್ನೊಂದು ಅಕ್ಷರ, ತಡೆದು, ಹಿಂದಕ್ಕೆ ಹೋಗಿ, ಮತ್ತೆ. ಕೇಳುವುದಕ್ಕೆ ಕಷ್ಟವಾಗುವಂಥ ಓದು.

“ಮೋ… ರಿ… ಮೋರಿಯ…”

ಅಲ್ಲಿ ನಿಂತಳು. ಬೆರಳು ಅಲ್ಲಾಡಲಿಲ್ಲ.

“ದು… ದುರ…”

ಎದುರು ಮನೆಯ ಅಜ್ಜಿ ಅತ್ತ ಜಗಲಿಯಿಂದ, “ಏನವ್ವ ಅದು, ಯಾರ್ ಮೇಲ್ ರೇಗ್ತಿದ್ದೀಯ?” ಎಂದರು. ಅವಳು ತಲೆ ಎತ್ತಲಿಲ್ಲ.

“ದುರ… ಸ… ಸ್ತಿ. ದುರಸ್ತಿ.”

ನಾನು ರಿಪೇರಿ ಎಂದು ಬರೆದಿದ್ದೆ. ರಿಪೇರಿ ಎಂದೇ ಓದಿದ್ದೆ, ಎರಡು ಸಲ, ಕಿಟಕಿ ತೆರೆದಿಟ್ಟು. ದುರಸ್ತಿ ಡೆಸ್ಕಿನವರ ಪದ.

ಅರ್ಧ ಮುಖಕ್ಕೆ ಸೋಪಿನ ನೊರೆ ಇತ್ತು. ಎದ್ದು ಹೊರಗೆ ಹೋಗಬಹುದಿತ್ತು. ಹೋದರೆ ಅವಳು ಪತ್ರಿಕೆ ಮಡಿಸುತ್ತಾಳೆಂದು ಗೊತ್ತಿತ್ತು. ಕೂತೇ ಇದ್ದೆ. ಅವಳು ಮುಂದಿನ ಸಾಲಿಗೆ ಹೋದಳು, ಅಲ್ಲಿಯೂ ಒಂದು ಒತ್ತಕ್ಷರದ ಮುಂದೆ ನಿಂತಳು. ಅದು ಯಾವ ಪದವೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಸಂಜೆ ಬಸ್ಸಿಗೆ ಇಬ್ಬರನ್ನೂ ಹತ್ತಿಸಿ ಬಂದೆ. ಬೆಟ್ಟದ ನೆರಳು ಬೀದಿ ದಾಟಿತ್ತು. ಜಗಲಿಯ ಮೇಲೆ ಪತ್ರಿಕೆ ಹಾಗೆಯೇ ಇತ್ತು, ಆ ಸುದ್ದಿ ಮೇಲಕ್ಕೆ ಬರುವಂತೆ ಮಡಿಸಿ, ಗಾಳಿಗೆ ಹಾರದಿರಲೆಂದು ಒಂದು ಬಿಲ್ಲೆಕಲ್ಲು ಇಟ್ಟಿದ್ದಳು. ಒಳಗೆ ತಂದು ಮೇಜಿನ ಮೇಲಿಟ್ಟು ದೀಪ ಹಾಕಿದೆ.